ಮಣಿಕಟ್ಟಿನಿಂದ ಕುತ್ತಿಗೆಗೆ: ಒಂದು ಸ್ಟೆಂಟಿನ ದಾರಿ

‘ಲಕ್ವಾ ಹೊಡೀತು’ ಅನ್ನೋ ಮಾತು ನಮ್ಮ ಕಡೆ ಹೊಸದೇನಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ, ಯಾವ ಊರಿನವರಾದ್ರೂ ಸರಿ, ಒಂದು ಕೈ ಸ್ವಾಧೀನ ಇಲ್ಲದೆ ಕಟ್ಟೆ ಮೇಲೆ ಕೂತ ಹಿರಿಯರೊಬ್ಬರನ್ನ ನಾವೆಲ್ಲ ನೋಡಿಯೇ ಇರ್ತೇವೆ. ಆಸ್ಪತ್ರೆಯಲ್ಲಿ ಅದಕ್ಕೆ ಸ್ಟ್ರೋಕ್ ಅಂತಾರೆ, ಪುಸ್ತಕದಲ್ಲಿ ಪಾರ್ಶ್ವವಾಯು ಅಂತ ಬರೀತಾರೆ. ಪೆಟ್ಟು ಬೀಳೋದು ಮಿದುಳಿಗೆ. ಆದರೆ ಅದರ ಒಂದು ಪಾಲು ಶುರುವಾಗೋದು ಮಿದುಳಿನಲ್ಲಲ್ಲ, ಕುತ್ತಿಗೆಯಲ್ಲಿ.

ಕುತ್ತಿಗೆಯ ಎರಡೂ ಬದಿಗೆ ಕ್ಯಾರೋಟಿಡ್ ಅನ್ನುವ ದೊಡ್ಡ ರಕ್ತನಾಳಗಳಿವೆ. ಗಂಟಲ ಗಡ್ಡೆಯ ಪಕ್ಕದಲ್ಲಿ ಎರಡು ಬೆರಳಿಟ್ಟರೆ ನಾಡಿ ಸಿಗುತ್ತದಲ್ಲ, ಅದೇ. ಆ ನಾಳದೊಳಗೆ ಕೊಬ್ಬು, ಸುಣ್ಣದಂಶ ಸೇರಿ ಗಟ್ಟಿಯಾದಾಗ ದಾರಿ ಕಿರಿದಾಗುತ್ತದೆ. ಅದನ್ನು ಬಿಡಿಸಲು ಇರುವ ಉಪಾಯಗಳಲ್ಲಿ ಒಂದು, ಲೋಹದ ಜಾಲರಿ ಕೊಳವೆಯನ್ನು, ಅಂದರೆ ಸ್ಟೆಂಟನ್ನು, ಅಲ್ಲಿ ಕೂಡಿಸುವುದು. ಕುತ್ತಿಗೆಯ ಕೆಲಸಕ್ಕೆ ವೈದ್ಯರು ಸಾಮಾನ್ಯವಾಗಿ ಒಳಗೆ ಹೋಗುತ್ತಿದ್ದದ್ದು ತೊಡೆಸಂದಿನಿಂದ. ಕೆಲವು ಕಡೆ ಈಗ ಮಣಿಕಟ್ಟಿನಿಂದ ಹೋಗುತ್ತಾರೆ, ನಾವು ಗಡಿಯಾರ ಕಟ್ಟಿಕೊಳ್ಳುವ ಜಾಗದಿಂದ.

ನಾವು ಎಂಜಿನಿಯರಿಂಗ್ ಓದುವವರು, ಡಾಕ್ಟರಲ್ಲ. ಆದ್ರೂ ಈ ವಿಷಯ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಇದರೊಳಗೆ ಫ್ಲೂಯಿಡ್ ಮೆಕ್ಯಾನಿಕ್ಸ್ ಇದೆ, ಮೆಟಲರ್ಜಿ ಇದೆ, ಮೊದಲ ವರ್ಷ ಎಲ್ಲರೂ ಬೈದುಕೊಂಡು ಓದಿದ ಬೆಲ್ಟ್ ಫ್ರಿಕ್ಷನ್ ಕೂಡ ಇದೆ. ಜೊತೆಗೆ ನಾಳೆ ನಮ್ಮ ಮನೆಯಲ್ಲೇ ಯಾರಿಗಾದ್ರೂ ಹೀಗಾದಾಗ ಡಾಕ್ಟರ ಮುಂದೆ ಕೂತು ‘ಆಯ್ತು ಸರ್’ ಅನ್ನುವ ಮೊದಲು ಏನು ಕೇಳಬೇಕು ಅನ್ನೋದು ಗೊತ್ತಿರಬೇಕು.

ಕವಲಿನಲ್ಲೇ ಯಾಕೆ ಕಟ್ಟಿಕೊಳ್ಳುತ್ತದೆ?

ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆ, ಮಲಪ್ರಭೆ ಎರಡೂ ಕೂಡಿ ಒಂದಾಗುತ್ತವೆ. ಕುತ್ತಿಗೆಯಲ್ಲಿ ಇದರ ಉಲ್ಟಾ: ಒಂದು ನಾಳ ಎರಡಾಗುತ್ತದೆ. ದವಡೆಯ ಸ್ವಲ್ಪ ಕೆಳಗೆ ಕ್ಯಾರೋಟಿಡ್ ಕವಲೊಡೆದು ಒಂದು ಮಿದುಳಿಗೆ, ಇನ್ನೊಂದು ಮುಖ ಮತ್ತು ನೆತ್ತಿಗೆ ಹೋಗುತ್ತದೆ. ಮಿದುಳಿಗೆ ಹೋಗುವ ಕವಲಿನ ಬುಡ ಸಣ್ಣ ಬುಗ್ಗೆಯಂತೆ ಉಬ್ಬಿರುತ್ತದೆ. ಕಸ ಕೂಡುವುದು ಹೆಚ್ಚಾಗಿ ಇಲ್ಲೇ.

ಮಲಪ್ರಭೆಯ ತಿರುವುಗಳನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ನೀರು ಜೋರಾಗಿ ಉಜ್ಜುವ ದಂಡೆಯಲ್ಲಿ ಮರಳು ನಿಲ್ಲುವುದಿಲ್ಲ. ನೀರು ಸೋಮಾರಿಯಾಗುವ ದಂಡೆಯಲ್ಲಿ ದಿಬ್ಬ ಏಳುತ್ತದೆ. ರಕ್ತನಾಳದ್ದು ಬರೀ ಮರಳು ಕೂಡುವ ಕೆಲಸವಲ್ಲ, ಗೋಡೆಯ ಜೀವಕೋಶಗಳೇ ಅದರಲ್ಲಿ ಪಾಲ್ಗೊಳ್ಳುತ್ತವೆ. ಆದರೂ ಜಾಗ ಗೊತ್ತುಮಾಡುವುದರಲ್ಲಿ ಹರಿವಿನ ಪಾತ್ರ ದೊಡ್ಡದು. 1985ರಲ್ಲಿ ಡೇವಿಡ್ ಕು, ಡಾನ್ ಗಿಡೆನ್ಸ್ ಮತ್ತು ಸಂಗಡಿಗರು ಕ್ಯಾರೋಟಿಡ್ ಕವಲಿನ ಮಾದರಿ ಮಾಡಿ, ಅದರಲ್ಲಿ ದ್ರವ ಹರಿಸಿ, ಲೇಸರ್ ಡಾಪ್ಲರಿನಿಂದ ವೇಗ ಅಳೆದರು. ಗೋಡೆಯ ಮೇಲಿನ ಶಿಯರ್ ಸ್ಟ್ರೆಸ್ ಎಲ್ಲಿ ಕಡಿಮೆ ಇದೆಯೋ, ಎಲ್ಲಿ ಪ್ರತಿ ಬಡಿತಕ್ಕೂ ಹಿಂದೆ ಮುಂದೆ ಹೊಯ್ದಾಡುತ್ತದೆಯೋ, ಮನುಷ್ಯರ ಕ್ಯಾರೋಟಿಡ್‌ನಲ್ಲಿ ಅದೇ ಜಾಗದಲ್ಲಿ ಪ್ಲಾಕ್ ದಪ್ಪಗಿತ್ತು. ರಕ್ತ ನೇರವಾಗಿ ಬಂದು ಉಜ್ಜುವ ಒಳಗೋಡೆ ಬಹುಮಟ್ಟಿಗೆ ಚೊಕ್ಕಟವಾಗಿತ್ತು. ಗಿಡೆನ್ಸ್ ಮೂಲತಃ ಏರೋಸ್ಪೇಸ್ ಎಂಜಿನಿಯರ್ ಅನ್ನೋದನ್ನ ಇಲ್ಲಿ ಹೇಳಲೇಬೇಕು.

70 ಪರ್ಸೆಂಟ್ ಅಂದ್ರೆ ಎಷ್ಟು?

ರಿಪೋರ್ಟಿನಲ್ಲಿ ‘70 ಪರ್ಸೆಂಟ್ ಬ್ಲಾಕ್’ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ವ್ಯಾಸದ ಲೆಕ್ಕ. ವ್ಯಾಸದಲ್ಲಿ 30 ಪರ್ಸೆಂಟ್ ಉಳಿದರೆ ಕ್ಷೇತ್ರಫಲದಲ್ಲಿ ಉಳಿಯುವುದು 0.3ರ ವರ್ಗ, ಅಂದರೆ 9 ಪರ್ಸೆಂಟ್ ಮಾತ್ರ. ಇಷ್ಟಾದರೂ ಎಷ್ಟೋ ಜನ ಆರಾಮಾಗಿ ಓಡಾಡಿಕೊಂಡಿರುತ್ತಾರೆ. ಮಿದುಳಿನ ಬುಡದಲ್ಲಿ ನಾಲ್ಕೂ ಕಡೆಯ ನಾಳಗಳನ್ನು ಜೋಡಿಸುವ ಒಂದು ಉಂಗುರ ಇದೆ, ವಿಲ್ಲಿಸ್ ವೃತ್ತ ಅಂತ ಅದರ ಹೆಸರು. ಊರಿನ ರಿಂಗ್ ರೋಡ್ ಇದ್ದಂಗೆ. ಒಂದು ದಾರಿ ಕಟ್ಟಿದರೆ ಇನ್ನೊಂದರಿಂದ ರಕ್ತ ಸುತ್ತಿ ಬರುತ್ತದೆ. ಆದರೆ ಈ ಉಂಗುರ ಎಲ್ಲರಲ್ಲೂ ಪೂರ್ತಿ ಇರುವುದಿಲ್ಲ.

ಹಾಗಾದರೆ ಅಪಾಯ ಎಲ್ಲಿ? ಹೆಚ್ಚಾಗಿ ರಕ್ತ ಕಡಿಮೆ ಬಂದದ್ದರಿಂದ ಅಲ್ಲ, ಪ್ಲಾಕಿನ ಮೇಲಿಂದ ಒಂದು ಚೂರು ಅಥವಾ ಹೆಪ್ಪು ಕಿತ್ತುಕೊಂಡು ಮಿದುಳಿಗೆ ಹೋಗುವುದರಿಂದ. ಚೂರು ಚಿಕ್ಕದಾಗಿದ್ದು ತಾನೇ ಕರಗಿದರೆ ಕೈ ಕೆಲ ನಿಮಿಷ ಸೋತು ಮತ್ತೆ ಸರಿಯಾಗುತ್ತದೆ, ಮಾತು ತೊದಲಿ ಮತ್ತೆ ಬರುತ್ತದೆ, ಒಂದು ಕಣ್ಣಿಗೆ ಪರದೆ ಇಳಿದಂತೆ ಕತ್ತಲಾಗಿ ಮತ್ತೆ ಕಾಣುತ್ತದೆ. ಇದು ಕಿರು ಸ್ಟ್ರೋಕ್. ಈ ಲೇಖನದಲ್ಲಿ ಒಂದೇ ಒಂದು ಸಂಗತಿ ನೆನಪಿಡೋದಾದ್ರೆ ಇದನ್ನೇ ಇಟ್ಟುಕೊಳ್ಳಿ: ‘ಸರಿ ಹೋಯ್ತಲ್ಲ ಬಿಡು’ ಅಂತ ಮನೆಯಲ್ಲಿ ಕೂಡುವ ಆ ಮೊದಲ ಕೆಲವು ದಿನಗಳಲ್ಲೇ ದೊಡ್ಡ ಸ್ಟ್ರೋಕಿನ ಅಪಾಯ ಅತಿ ಹೆಚ್ಚು.

ಬ್ಲಾಕ್ ಇದೆಯೋ ಇಲ್ಲವೋ ಅಂತ ನೋಡಲು ಮೊದಲು ಮಾಡುವುದು ಕುತ್ತಿಗೆಯ ಡಾಪ್ಲರ್ ಸ್ಕ್ಯಾನ್. ಸೂಜಿ ಇಲ್ಲ, ನೋವಿಲ್ಲ. ಪೈಪಿನ ಬಾಯಿ ಹಿಡಿದರೆ ನೀರು ಜೋರಾಗಿ ಚಿಮ್ಮುವ ಕಂಟಿನ್ಯೂಟಿ ಸಮೀಕರಣವೇ ಇಲ್ಲಿನ ಆಧಾರ. ನಾಳ ಕಿರಿದಾದಲ್ಲಿ ರಕ್ತದ ವೇಗ ಏರುತ್ತದೆ. ಗರಿಷ್ಠ ವೇಗ ಸೆಕೆಂಡಿಗೆ 230 ಸೆಂಟಿಮೀಟರ್ ದಾಟಿದರೆ ಬ್ಲಾಕ್ 70 ಪರ್ಸೆಂಟ್ ಅಥವಾ ಹೆಚ್ಚು ಇರಬಹುದು ಅಂತ ಅಂದಾಜು ಮಾಡುತ್ತಾರೆ.

ಮೂರು ಚಿಕಿತ್ಸೆ

ಮೊದಲನೆಯದು ಔಷಧ: ಹೆಪ್ಪು ತಡೆಯುವ ಮಾತ್ರೆ, ಕೊಬ್ಬಿಳಿಸುವ ಸ್ಟ್ಯಾಟಿನ್, ಬಿಪಿ ಮತ್ತು ಶುಗರ್ ಹತೋಟಿ, ಬೀಡಿ ಗುಟ್ಕಾ ಬಂದ್. ಇದು ಎಲ್ಲರಿಗೂ ಬೇಕು, ಮುಂದೆ ಸ್ಟೆಂಟ್ ಹಾಕಿಸಿಕೊಂಡವರಿಗೂ. ಲಕ್ಷಣವೇ ಇಲ್ಲದೆ ಬರೀ ಸ್ಕ್ಯಾನಿನಲ್ಲಿ ಬ್ಲಾಕ್ ಕಂಡವರಲ್ಲಿ ಎಷ್ಟೋ ಜನಕ್ಕೆ ಇಷ್ಟೇ ಸಾಕಾಗಬಹುದು.

ಎರಡನೆಯದು ಶಸ್ತ್ರಚಿಕಿತ್ಸೆ. ಕುತ್ತಿಗೆ ಕೊಯ್ದು, ನಾಳ ತೆರೆದು, ಕಸ ಬಿಡಿಸಿ ಹೊಲಿಯುವುದು. ಲಕ್ಷಣ ಕಾಣಿಸಿಕೊಂಡ, 70 ಪರ್ಸೆಂಟಿಗಿಂತ ಹೆಚ್ಚು ಬ್ಲಾಕ್ ಇರುವವರಿಗೆ ಇದರಿಂದ ದೊಡ್ಡ ಲಾಭ ಇದೆ ಅಂತ 1991ರಲ್ಲೇ ಉತ್ತರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಮೂರನೆಯದು ಸ್ಟೆಂಟ್.

ಶಸ್ತ್ರಚಿಕಿತ್ಸೆ ಮೇಲೋ ಸ್ಟೆಂಟ್ ಮೇಲೋ? 2010ರಲ್ಲಿ ಪ್ರಕಟವಾದ ಕ್ರೆಸ್ಟ್ ಅಧ್ಯಯನ 2502 ರೋಗಿಗಳನ್ನು ಹೋಲಿಸಿತು. ಚಿಕಿತ್ಸೆಯ ಆಸುಪಾಸಿನ ದಿನಗಳಲ್ಲಿ ಸ್ಟ್ರೋಕ್ ಆದದ್ದು ಸ್ಟೆಂಟ್ ಗುಂಪಿನಲ್ಲಿ 4.1 ಪರ್ಸೆಂಟ್, ಶಸ್ತ್ರಚಿಕಿತ್ಸೆ ಗುಂಪಿನಲ್ಲಿ 2.3. ಹೃದಯಾಘಾತ ಅದಕ್ಕೆ ವಿರುದ್ಧ: ಸ್ಟೆಂಟಿನಲ್ಲಿ 1.1, ಶಸ್ತ್ರಚಿಕಿತ್ಸೆಯಲ್ಲಿ 2.3. ಒಟ್ಟಿನಲ್ಲಿ ಎರಡೂ ಹತ್ತಿರಹತ್ತಿರ ಬಂದವು, ವಯಸ್ಸಾದವರಲ್ಲಿ ಶಸ್ತ್ರಚಿಕಿತ್ಸೆಯೇ ಉತ್ತಮ ಅನ್ನಿಸಿತು. ಹಾಗಾಗಿ ‘ಕೊಯ್ಯೋದಿಲ್ಲ, ಅದಕ್ಕೇ ಸ್ಟೆಂಟ್ ಚಲೋ’ ಅನ್ನುವ ಮಾತು ಪೂರ್ತಿ ನಿಜವಲ್ಲ.

ಇಳಕಲ್ಲಿನವರಿಗೆ ಬೇಗ ತಿಳಿಯುವ ವಸ್ತು

ಕ್ಯಾರೋಟಿಡ್ ಸ್ಟೆಂಟಿಗೆ ಹೆಚ್ಚಾಗಿ ಬಳಸುವುದು ನಿಟಿನಾಲ್, ಅಂದರೆ ನಿಕಲ್ ಮತ್ತು ಟೈಟಾನಿಯಂ ಕೂಡಿದ ಮಿಶ್ರಲೋಹ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ರೂಪುಗೊಂಡಿತು, ಹೆಸರಿನ ಕೊನೆಯ ‘ನಾಲ್’ ಆ ಪ್ರಯೋಗಾಲಯದ ಹೆಸರಿನ ಮೊದಲಕ್ಷರಗಳು. ಸುಮಾರು 8 ಪರ್ಸೆಂಟ್ ಸ್ಟ್ರೇನ್ ಆದರೂ ಇದು ಮತ್ತೆ ಮೊದಲಿನ ಆಕಾರಕ್ಕೆ ಬರಬಲ್ಲದು. ಮಾಮೂಲಿ ಸ್ಟೀಲ್ ಅದರ ಹತ್ತನೇ ಒಂದು ಪಾಲೂ ತಡೆಯುವುದಿಲ್ಲ. ಕುತ್ತಿಗೆ ದಿನವಿಡೀ ಹೊರಳುತ್ತದೆ, ಚರ್ಮದ ಕೆಳಗೇ ನಾಳ ಇದೆ, ಹೊರಗಿಂದ ಒತ್ತಿದರೆ ಸ್ಟೀಲ್ ಸ್ಟೆಂಟ್ ನಜ್ಜುಗುಜ್ಜಾಗಬಹುದು. ನಿಟಿನಾಲ್ ಮಣಿದು ಮತ್ತೆ ಏಳುತ್ತದೆ.

ಇನ್ನು ಜಾಲರಿಯ ಕಣ್ಣು. ಇಳಕಲ್ ಸೀರೆ ನೇಯುವ ಮನೆಯಿಂದ ಬಂದ ಗೆಳೆಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೇಯ್ಗೆ ದಟ್ಟವಾದರೆ ಕಸ ಒಳಗೆ ನುಸುಳದು, ಆದರೆ ಮಡಿಕೆಯಲ್ಲಿ ಸೆಟೆದು ನಿಲ್ಲುತ್ತದೆ. ನೇಯ್ಗೆ ಸಡಿಲವಾದರೆ ಮೈಗೆ ಹೊಂದುತ್ತದೆ, ಆದರೆ ಸಂದಿಯಿಂದ ಕಸ ಇಣುಕುತ್ತದೆ. ಸ್ಟೆಂಟಿನಲ್ಲೂ ಮುಚ್ಚಿದ ಕಣ್ಣಿನ ವಿನ್ಯಾಸ, ತೆರೆದ ಕಣ್ಣಿನ ವಿನ್ಯಾಸ ಅಂತ ಎರಡಿವೆ, ಜಗಳವೂ ಇದೇ. ನಿಜವಾಗಿಯೂ ತಂತಿ ಹೆಣೆದೇ ಮಾಡುವ ಸ್ಟೆಂಟುಗಳೂ ಇವೆ. ಎರಡು ಪದರ ಹಾಕಿ, ಒಂದು ಪದರವನ್ನು ಅತಿ ಸಣ್ಣ ಕಣ್ಣಿನ ಬಲೆಯಂತೆ ಮಾಡಿದವೂ ಬಂದಿವೆ.

ಸ್ಟೆಂಟ್ ಕೂಡಿಸುವ ಕ್ರಮ ಹೀಗೆ: ನಾಳಕ್ಕೆ ಸೂಜಿ ಚುಚ್ಚಿ, ಅದರೊಳಗಿಂದ ತೆಳು ತಂತಿ ಬಿಟ್ಟು, ಸೂಜಿ ತೆಗೆದು, ತಂತಿಯ ಮೇಲೆ ಕೊಳವೆ ಜಾರಿಸುವುದು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ತೋರಿಸಿಕೊಟ್ಟ ಈ ಉಪಾಯ ಇವತ್ತಿಗೂ ನಡೆಯುತ್ತಿದೆ. ಹೊರಗಿನ ಈ ಕೊಳವೆಗೆ ಶೀತ್ ಅನ್ನುತ್ತಾರೆ, ಕತ್ತಿಗೆ ಒರೆ ಇದ್ದಂಗೆ. ಅದರ ಒಳಗಿಂದ ಬ್ಲಾಕಿನ ಆಚೆಗೆ ಕೊಡೆಯಾಕಾರದ ಪುಟ್ಟ ಫಿಲ್ಟರ್ ಬಿಚ್ಚುತ್ತಾರೆ, ಕಿತ್ತುಬರುವ ಚೂರು ಹಿಡಿಯಲು. ಆಮೇಲೆ ಬಲೂನು, ಸ್ಟೆಂಟ್, ಬೇಕಾದರೆ ಮತ್ತೊಮ್ಮೆ ಬಲೂನು, ಕೊನೆಗೆ ಫಿಲ್ಟರ್ ವಾಪಸ್. ಕ್ಯಾರೋಟಿಡ್ ಕವಲಿನಲ್ಲಿ ರಕ್ತದೊತ್ತಡ ಅಳೆಯುವ ನರದ ಸೆನ್ಸರ್ ಇರುವುದರಿಂದ ಬಲೂನು ಉಬ್ಬಿದಾಗ ‘ಒತ್ತಡ ಏರಿತು’ ಅಂತ ತಪ್ಪು ಸಿಗ್ನಲ್ ಹೋಗಿ ಹೃದಯದ ಬಡಿತ ಇಳಿಯಬಹುದು. ಅದಕ್ಕೆ ಔಷಧ ಕೈಯಲ್ಲೇ ಇಟ್ಟುಕೊಂಡಿರುತ್ತಾರೆ. ರೋಗಿ ಸಾಮಾನ್ಯವಾಗಿ ಎಚ್ಚರ ಇರುತ್ತಾರೆ. ‘ಕೈ ಹಿಚುಕ್ರಿ, ಮಾತಾಡ್ರಿ’ ಅಂತ ನಡುನಡುವೆ ಕೇಳುತ್ತಿರುತ್ತಾರೆ. ಮಿದುಳು ಸರಿ ಇದೆ ಅನ್ನೋದಕ್ಕೆ ಅದಕ್ಕಿಂತ ಒಳ್ಳೆಯ ಮಾನಿಟರ್ ಇಲ್ಲ.

ತೊಡೆಸಂದು ಹೆದ್ದಾರಿ, ಮಣಿಕಟ್ಟು ಓಣಿ

ಈಗ ಮುಖ್ಯ ಪ್ರಶ್ನೆ: ಒಳಗೆ ಹೋಗುವುದು ಎಲ್ಲಿಂದ?

ತೊಡೆಸಂದಿನ ಫೆಮೊರಲ್ ನಾಳ ಹುನಗುಂದ, ಇಳಕಲ್ಲ ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 50 ಇದ್ದ ಹಾಗೆ. ಅಗಲ ಇದೆ, ಬಹಳಷ್ಟು ನೇರ ಇದೆ, ದಪ್ಪ ಸಾಮಾನು ಹೋಗುತ್ತದೆ. ತೊಂದರೆ ಬರುವುದು ಕೆಲಸ ಮುಗಿದ ಮೇಲೆ. ನಾಳ ಆಳದಲ್ಲಿದೆ, ರೋಗಿಗೆ ರಕ್ತ ತೆಳುವಾಗುವ ಔಷಧ ಕೊಟ್ಟಿರುತ್ತಾರೆ, ತೂತು ಮುಚ್ಚುವವರೆಗೆ ಕಾಲು ಅಲುಗಿಸದೆ ಗಂಟೆಗಟ್ಟಲೆ ಅಂಗಾತ ಮಲಗಬೇಕು. ಬೆನ್ನುನೋವಿನವರಿಗೆ, ದಮ್ಮಿನವರಿಗೆ, ಪ್ರಾಸ್ಟೇಟ್ ತೊಂದರೆಯಿಂದ ಪದೇಪದೇ ಮೂತ್ರಕ್ಕೆ ಏಳಬೇಕಾದ ಮುದುಕರಿಗೆ ಇದು ದೊಡ್ಡ ಶಿಕ್ಷೆ. ಅಪರೂಪಕ್ಕೆ ರಕ್ತ ಹೊಟ್ಟೆಯ ಹಿಂಭಾಗಕ್ಕೆ ಸೋರಿ ಹೊರಗೆ ಕಾಣದೇ ಇರಬಹುದು, ಅದು ಜೀವಕ್ಕೇ ಅಪಾಯ. ಕೆಲವರಿಗೆ ಕಾಲಿಗೆ ಹೋಗುವ ನಾಳಗಳೇ ಕಟ್ಟಿರುತ್ತವೆ, ಅವರಿಗೆ ಹೆದ್ದಾರಿಯೇ ಬಂದ್.

ಮಣಿಕಟ್ಟಿನ ರೇಡಿಯಲ್ ನಾಳ ಬಾದಾಮಿಯಲ್ಲಿ ಬಜಾರಿನಿಂದ ಅಗಸ್ತ್ಯತೀರ್ಥದ ಕಡೆ ಹೋಗುವ ಓಣಿ ಇದ್ದ ಹಾಗೆ. ಜಾಗಕ್ಕೆ ಮುಟ್ಟಿಸುತ್ತದೆ, ಆದರೆ ಬಸ್ಸು ಹೋಗುವುದಿಲ್ಲ. ಒಳವ್ಯಾಸ ಸುಮಾರು 2ರಿಂದ 3 ಮಿಲಿಮೀಟರ್. ಲಾಭ ಏನಂದ್ರೆ ಅದು ಚರ್ಮದ ಕೆಳಗೇ ಇದೆ, ಹಿಂದೆ ಎಲುಬಿದೆ. ರಕ್ತ ಬಂದರೆ ಕಣ್ಣಿಗೆ ಕಾಣುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ. ಕೆಲಸ ಮುಗಿದು ಮಣಿಕಟ್ಟಿಗೆ ಗಾಳಿ ತುಂಬಿದ ಪಟ್ಟಿ ಕಟ್ಟಿದ ಮೇಲೆ ರೋಗಿ ಎದ್ದು ಕೂಡಬಹುದು, ಚಹಾ ಕುಡಿಯಬಹುದು, ನಡೆದು ಹೋಗಬಹುದು.

ಹೃದಯದ ಕೆಲಸಕ್ಕೆ ಈ ದಾರಿ ಹಳೆಯದಾಯ್ತು. 1989ರಲ್ಲಿ ಕೆನಡಾದ ಲೂಸಿಯನ್ ಕಾಂಪೋ ಮಣಿಕಟ್ಟಿನಿಂದ ಹೃದಯದ ಆಂಜಿಯೋಗ್ರಾಂ ಮಾಡಿದ್ದನ್ನು ವರದಿ ಮಾಡಿದರು. 1992ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಫರ್ಡಿನಾಂಡ್ ಕೀಮೆನೈ ಅದೇ ದಾರಿಯಿಂದ ಆಂಜಿಯೋಪ್ಲಾಸ್ಟಿ ಮಾಡಿದರು. 2015ರಲ್ಲಿ ಪ್ರಕಟವಾದ ಮ್ಯಾಟ್ರಿಕ್ಸ್ ಅಧ್ಯಯನದಲ್ಲಿ 8404 ಹೃದಯ ರೋಗಿಗಳಿದ್ದರು, ಮಣಿಕಟ್ಟಿನ ಗುಂಪಿನಲ್ಲಿ ರಕ್ತಸ್ರಾವ ಕಡಿಮೆ ಇತ್ತು. ಹೃದಯಕ್ಕೆ ಆದದ್ದು ಕುತ್ತಿಗೆಗೂ ಆಗಲಿ ಅಂತ ಹೊರಟಾಗ ಎರಡು ಅಡ್ಡಿ ಬಂದವು: ಅಳತೆ ಮತ್ತು ತಿರುವು.

ಅಳತೆಯ ಅಡ್ಡಿ

ಈ ಕೊಳವೆಗಳನ್ನು ‘ಫ್ರೆಂಚ್’ ಎಂಬ ಮಾನದಲ್ಲಿ ಅಳೆಯುತ್ತಾರೆ, 3 ಫ್ರೆಂಚ್ ಅಂದರೆ 1 ಮಿಲಿಮೀಟರ್. ಕ್ಯಾರೋಟಿಡ್ ಸ್ಟೆಂಟಿಗೆ ಸಾಮಾನ್ಯವಾಗಿ 6 ಫ್ರೆಂಚ್, ಅಂದರೆ 2 ಮಿಲಿಮೀಟರ್ ಒಳಜಾಗ ಬೇಕು. ಶೀತಿನ ನಂಬರ್ ಹೇಳುವುದು ಒಳವ್ಯಾಸವನ್ನು. ಗೋಡೆಯ ದಪ್ಪ ಕೂಡಿದರೆ ಹೊರವ್ಯಾಸ ಎರಡೂವರೆ ಮಿಲಿಮೀಟರಿನ ಆಸುಪಾಸು ಹೋಗುತ್ತದೆ. 2.3 ಮಿಲಿಮೀಟರ್ ನಾಳದಲ್ಲಿ ಅದನ್ನು ತೂರಿಸಿದರೆ ನಾಳ ಹಿಗ್ಗಬೇಕು, ಗಾಯವಾಗಬಹುದು. ಗೋಡೆ ತೆಳು ಮಾಡಿದರೆ ಕೊಳವೆ ಬಾಗಿದಲ್ಲಿ ಮುರುಟುತ್ತದೆ. ತೆಳುವಾಗಿಯೂ ಇರಬೇಕು, ಮುರುಟಲೂ ಬಾರದು. ಪ್ಲಾಸ್ಟಿಕ್ಕಿನೊಳಗೆ ಲೋಹದ ಸುರುಳಿ ಅಥವಾ ಹೆಣಿಗೆ ಕೂಡಿಸಿ ಮಾಡುವುದು ಇದಕ್ಕೇ. ಬ್ಲಾಕಿನ ಕೆಳಗೆ ಬಲೂನು ಉಬ್ಬಿಸಿ ರಕ್ತ ನಿಲ್ಲಿಸಿ ಮಿದುಳು ಕಾಯುವ ಬೇರೊಂದು ಬಗೆಯ ಸಾಧನ ಇದೆ, ಅದು ಇನ್ನೂ ದಪ್ಪ. ಮಣಿಕಟ್ಟಿನಿಂದ ಹೋದರೆ ಸಾಮಾನ್ಯವಾಗಿ ಆ ಆಯ್ಕೆಯನ್ನು ಬಿಟ್ಟುಕೊಡಬೇಕು.

ಚಿಕ್ಕ ನಾಳಕ್ಕೆ ಇನ್ನೊಂದು ಗುಣ ಇದೆ: ಮುಟ್ಟಿದರೆ ಸೆಟೆದುಕೊಳ್ಳುತ್ತದೆ. ಅದಕ್ಕೇ ಶೀತಿನ ಮೂಲಕ ನಾಳ ಸಡಿಲಿಸುವ ಔಷಧ ಕೊಡುತ್ತಾರೆ, ಹೆಪ್ಪು ತಡೆಯಲು ಹೆಪಾರಿನ್ ಕೊಡುತ್ತಾರೆ.

ತಿರುವಿನ ಅಡ್ಡಿ

ಬಲ ಮಣಿಕಟ್ಟಿನಿಂದ ಹೊರಟ ತಂತಿ ಮೊಣಕೈ, ಕಂಕುಳು ದಾಟಿ ಎದೆಯೊಳಗೆ ಇಳಿಯುತ್ತದೆ. ಬಲಗೈಗೆ ಹೋಗುವ ನಾಳ, ಬಲ ಕ್ಯಾರೋಟಿಡ್ ಎರಡೂ ಒಂದೇ ಬೊಡ್ಡೆಯಿಂದ ಕವಲೊಡೆದವು. ಹಾಗಾಗಿ ಬಲ ಕ್ಯಾರೋಟಿಡ್‌ಗೆ ಹೋಗಬೇಕಾದ್ರೆ ಕೆಳಗಿಳಿದ ತಂತಿ ಯೂ-ಟರ್ನ್ ಹೊಡೆದು ಮೇಲೇರಬೇಕು. ಎಡ ಕ್ಯಾರೋಟಿಡ್‌ಗೆ ಹೋಗಬೇಕಾದ್ರೆ ಮಹಾಪಧಮನಿಯ ಕಮಾನಿಗೆ ಇಳಿದು, ಅಲ್ಲಿಂದ ತಿರುಗಿ ಎಡಕ್ಕೆ ಮೇಲೇರಬೇಕು.

ಇದಕ್ಕೆ ಸಿಮ್ಮನ್ಸ್ ಎಂಬ ಕ್ಯಾಥೆಟರ್ ಬಳಸುವುದುಂಟು. ತುದಿ ಹಿಂದಕ್ಕೆ ಮಡಚಿಕೊಂಡಿರುತ್ತದೆ, ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯ ಒಂದು ಕೊಕ್ಕೆ ಇದ್ದಂಗೆ. ಅದರ ಮೋಜು ಏನಂದ್ರೆ ಹೊರಗೆ ಎಳೆದರೆ ತುದಿ ನಾಳದೊಳಗೆ ಮೇಲಕ್ಕೆ ಹೋಗುತ್ತದೆ. ಕೊಕ್ಕೆ ಸಿಕ್ಕ ಮೇಲೆ ಗಟ್ಟಿ ತಂತಿ ಬಿಟ್ಟು, ಅದರ ಮೇಲೆ ಶೀತ್ ಏರಿಸಬೇಕು. ಕಷ್ಟ ಶುರುವಾಗೋದು ಇಲ್ಲೇ.

ಬೆಲ್ಟ್ ಫ್ರಿಕ್ಷನ್ ನೆನಪಿಸಿಕೊಳ್ಳಿ. ಹಗ್ಗ ಕಂಬಕ್ಕೆ ಸುತ್ತಿದಷ್ಟೂ ಆಚೆಯ ತುದಿ ಅಲುಗಿಸಲು ಬೇಕಾಗುವ ಬಲ ಘಾತೀಯವಾಗಿ ಏರುತ್ತದೆ. ಎರಡು ತುದಿಯ ಬಲಗಳ ಅನುಪಾತ, ಇ ಸಂಖ್ಯೆಯ ಘಾತ ಮ್ಯೂ ಇಂಟು ಥೀಟಾ. ಘರ್ಷಣಾಂಕ 0.2 ಅಂತ ಸುಮ್ಮನೆ ಇಟ್ಟುಕೊಳ್ಳೋಣ. ಒಟ್ಟು ತಿರುವು 90 ಡಿಗ್ರಿ ಆದರೆ ಅನುಪಾತ 1.37. ತಿರುವು 270 ಡಿಗ್ರಿ ಆದರೆ 2.57. ಅದೇ 270 ಡಿಗ್ರಿಯಲ್ಲಿ ಘರ್ಷಣಾಂಕವನ್ನು 0.05ಕ್ಕೆ ಇಳಿಸಿದರೆ ಅನುಪಾತ 1.27ಕ್ಕೆ ಬರುತ್ತದೆ. ಇವು ದೇಹದಲ್ಲಿ ಅಳೆದ ಸಂಖ್ಯೆಗಳಲ್ಲ, ಉದಾಹರಣೆಗೆ ಹಾಕಿಕೊಂಡವು. ತಳ್ಳುವಾಗಿನ ಲೆಕ್ಕ ಇನ್ನೂ ತೊಡಕು. ಆದರೂ ತಂತಿ, ಕೊಳವೆಗಳಿಗೆ ನೀರು ತಾಗಿದರೆ ಲೋಳೆಯಂತೆ ಜಾರುವ ಲೇಪ ಯಾಕೆ ಹಾಕುತ್ತಾರೆ ಅನ್ನೋದು ಇದರಿಂದ ತಿಳಿಯುತ್ತದೆ.

ಎರಡನೇ ತೊಂದರೆ ಬಕ್ಲಿಂಗ್. ಉದ್ದ, ತೆಳು ಕಡ್ಡಿಯನ್ನು ಒಂದು ತುದಿಯಿಂದ ತಳ್ಳಿದರೆ ಅದು ಮುಂದೆ ಹೋಗುವ ಬದಲು ನಡುವೆ ಬಾಗುತ್ತದೆ. ಇಲ್ಲಿ ಬಾಗಲು ಬೇಕಾದಷ್ಟು ಜಾಗ ಕೊಡುವುದು ಮಹಾಪಧಮನಿ. ಆಸರೆ ಸಾಲದಿದ್ದರೆ ಶೀತ್ ಮೇಲೇರುವುದು ಬಿಟ್ಟು ಹೃದಯದ ಕಡೆಗೆ ಕುಸಿಯುತ್ತದೆ, ಕಷ್ಟಪಟ್ಟು ಹಾಕಿದ ಕೊಕ್ಕೆಯೂ ಕಳಚುತ್ತದೆ. ಕಮಾನಿನ ಗೋಡೆಯಲ್ಲಿ ಕಸ ಇದ್ದರೆ ಹೀಗೆ ತಡಕಾಡುವುದರಿಂದಲೇ ಚೂರು ಹಾರುವ ಭಯವೂ ಇದೆ.

ಆದರೆ ಎಲ್ಲರ ಕಮಾನೂ ಒಂದೇ ಥರ ಇರುವುದಿಲ್ಲ. ಕೆಲವರಲ್ಲಿ ಎಡ ಕ್ಯಾರೋಟಿಡ್ ಕಮಾನಿನಿಂದ ಪ್ರತ್ಯೇಕವಾಗಿ ಹುಟ್ಟದೆ ಬಲಗಡೆಯ ಬೊಡ್ಡೆಗೇ ಅಂಟಿ ಹುಟ್ಟುತ್ತದೆ. ಇದಕ್ಕೆ ‘ದನದ ಕಮಾನು’ ಅನ್ನುವ ಅರ್ಥದ ಹೆಸರಿದೆ. ತಮಾಷೆ ಅಂದ್ರೆ ದನಗಳ ಕಮಾನು ಹಾಗಿರುವುದೇ ಇಲ್ಲ, ಹೆಸರು ಮಾತ್ರ ಉಳಿದುಕೊಂಡಿದೆ. ಇಂಥವರಲ್ಲಿ ಎಡ ಕ್ಯಾರೋಟಿಡ್‌ಗೆ ತೊಡೆಯಿಂದ ಹೋಗುವುದು ಕಷ್ಟ, ಬಲ ಮಣಿಕಟ್ಟಿನಿಂದ ಹೋಗುವುದು ಸಲೀಸು. ಓಣಿಯೇ ಹತ್ತಿರದ ದಾರಿಯಾಗುವ ಪ್ರಸಂಗ ಇದು. ಅಹಮದಾಬಾದಿನ ತೇಜಸ್ ಪಟೇಲ್ ಮತ್ತು ಸಂಗಡಿಗರು 2010ರಲ್ಲಿ ಬ್ಲಾಕ್ ಇರುವ ಬದಿಗೆ ವಿರುದ್ಧದ ಮಣಿಕಟ್ಟಿನಿಂದ ಹೋಗುವ ಪ್ರಯತ್ನವನ್ನು ಪ್ರಕಟಿಸಿದರು. ಬದಿ ಬದಲಿಸಿದರೆ ತಿರುವಿನ ಕೋನ ಬದಲಾಗುತ್ತದೆ ಅನ್ನುವ ಸರಳ ವಿಚಾರ ಅದರ ಹಿಂದಿದೆ. ಹಾಗಾಗಿ ಯಾವ ದಾರಿ ಅನ್ನೋದನ್ನ ಮೊದಲೇ ಸಿಟಿ ಆಂಜಿಯೋಗ್ರಾಂ ಮಾಡಿಸಿ, ಕಮಾನಿನ ನಕ್ಷೆ ನೋಡಿ ತೀರ್ಮಾನಿಸಬೇಕು.

ಅಧ್ಯಯನ ಏನು ಹೇಳಿತು?

ಹಂಗೇರಿಯ ವೈದ್ಯರು 260 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಕ್ಯಾರೋಟಿಡ್ ಸ್ಟೆಂಟಿಗೆ ಮಣಿಕಟ್ಟು ಮತ್ತು ತೊಡೆಸಂದನ್ನು ಹೋಲಿಸಿದರು. ರ‍್ಯಾಡ್‌ಕಾರ್ ಹೆಸರಿನ ಈ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ದೊಡ್ಡ ತೊಂದರೆಗಳಲ್ಲಿ ಎರಡು ಗುಂಪಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮಣಿಕಟ್ಟಿನವರು ಆಸ್ಪತ್ರೆಯಲ್ಲಿ ಉಳಿದ ಅವಧಿ ಕಡಿಮೆ. ಆದರೆ ಆ ದಾರಿ ಸಾಗದೆ ಬೇರೆ ದಾರಿಗೆ ಬದಲಿಸಬೇಕಾದದ್ದು ಮಣಿಕಟ್ಟಿನಲ್ಲಿ 10 ಪರ್ಸೆಂಟ್, ತೊಡೆಯಲ್ಲಿ 1.5 ಪರ್ಸೆಂಟ್. ರೋಗಿಗೆ ತಗುಲಿದ ವಿಕಿರಣವೂ ಮಣಿಕಟ್ಟಿನಲ್ಲಿ ಹೆಚ್ಚಿತ್ತು.

ನಮಗೆ ಕಂಡ ಸಾರ ಇಷ್ಟು: ಮಣಿಕಟ್ಟಿನ ದಾರಿ ಕಷ್ಟವನ್ನು ಪೂರ್ತಿ ಅಳಿಸುವುದಿಲ್ಲ, ಜಾಗ ಬದಲಿಸುತ್ತದೆ. ರೋಗಿ ಹಾಸಿಗೆಯಲ್ಲಿ ಪಡುತ್ತಿದ್ದ ಕಷ್ಟದ ಒಂದು ಭಾಗ ಡಾಕ್ಟರ ಬೆರಳಿಗೆ ಬರುತ್ತದೆ. ಆ ಬೆರಳು ಪಳಗಿದ್ದರೆ ರೋಗಿಗೆ ಲಾಭ. ಪಳಗದಿದ್ದರೆ ಹೊತ್ತು ಹೆಚ್ಚಾಗುತ್ತದೆ, ತಡಕಾಟ ಹೆಚ್ಚಾಗುತ್ತದೆ, ಅದರ ಬೆಲೆ ಮಿದುಳು ಕೊಡಬೇಕಾಗುತ್ತದೆ. 260 ಜನರ ಅಧ್ಯಯನ 8404 ಜನರ ಅಧ್ಯಯನಕ್ಕೆ ಸಮವಲ್ಲ ಅನ್ನೋದೂ ನೆನಪಿರಲಿ.

ಕೈಯೇ ಬದುಕು ಆದವರಿಗೆ

ಮಗ್ಗದ ಮುಂದೆ ಕೂತವರಿಗೆ ಲಾಳಿ ಓಡಿಸಲು ಕೈ ಬೇಕು. ಇಳಕಲ್ಲಿನ ಕಲ್ಲಿನ ಕೆಲಸದವರಿಗೂ, ಹೊಲದಲ್ಲಿ ಕುಡಗೋಲು ಹಿಡಿಯುವವರಿಗೂ ಅಷ್ಟೇ. ‘ಕೈಗೆ ಏನಾದ್ರೂ ಆದ್ರ?’ ಅನ್ನುವ ಅವರ ಪ್ರಶ್ನೆಗೆ ನಿಜವಾದ ಉತ್ತರ ಕೊಡಬೇಕು.

ಅಂಗೈಗೆ ರಕ್ತ ಎರಡು ನಾಳಗಳಿಂದ ಬರುತ್ತದೆ. ಹೆಬ್ಬೆರಳಿನ ಬದಿಯ ರೇಡಿಯಲ್, ಕಿರುಬೆರಳಿನ ಬದಿಯ ಅಲ್ನರ್. ಎರಡೂ ಅಂಗೈಯಲ್ಲಿ ಕಮಾನಿನಂತೆ ಕೂಡುತ್ತವೆ. ಮಣಿಕಟ್ಟಿನಿಂದ ಮಾಡಿದ ಮೇಲೆ ಕೆಲವರಲ್ಲಿ ರೇಡಿಯಲ್ ನಾಳ ಮುಚ್ಚಿಕೊಳ್ಳುತ್ತದೆ. ಅಲ್ನರ್ ಸರಿ ಇದ್ದರೆ ಬಹುತೇಕ ಜನಕ್ಕೆ ಅದು ಗೊತ್ತೂ ಆಗುವುದಿಲ್ಲ, ಆದರೆ ಮುಂದೆ ಆ ನಾಳ ಬಳಸಲು ಬರುವುದಿಲ್ಲ. ಮೊದಲೇ ಪರೀಕ್ಷಿಸಲು ಒಂದು ಸರಳ ಉಪಾಯ ಇದೆ: ಹೆಬ್ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ, ರೇಡಿಯಲ್ ನಾಳ ಒತ್ತಿ ಹಿಡಿದು, ಅಲೆ ಉಳಿಯುತ್ತದೋ ಇಲ್ಲವೋ ನೋಡುವುದು. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಅದೇ ಸಾಧನ. ಮುಚ್ಚಿಕೊಳ್ಳದಂತೆ ತಡೆಯಲು ಹೆಪಾರಿನ್ ಕೊಡುತ್ತಾರೆ, ಪಟ್ಟಿಯನ್ನು ರಕ್ತಸ್ರಾವ ನಿಲ್ಲುವಷ್ಟೇ ಬಿಗಿದು ನಾಡಿ ಹರಿಯುವಂತೆ ಬಿಡುತ್ತಾರೆ. ಹೆಚ್ಚು ಬಿಗಿದರೆ ಸುರಕ್ಷಿತ ಅನ್ನುವ ಎಣಿಕೆ ಇಲ್ಲಿ ತಪ್ಪು.

ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರು, ಮುಂದೆ ಬೇಕಾಗಬಹುದಾದವರು ಇದನ್ನು ಮೊದಲೇ ಹೇಳಲೇಬೇಕು. ಡಯಾಲಿಸಿಸ್ಸಿಗೆ ಬೇಕಾದ ಫಿಸ್ಟುಲಾ ಮಾಡಲು ಬೇಕಾಗುವುದು ಹೆಚ್ಚಾಗಿ ಇದೇ ನಾಳ.

ಮನೆಯವರಾಗಿ ನಾವು ಮಾಡಬೇಕಾದ್ದು

ಮುಖ ಒಂದು ಬದಿಗೆ ಸೊಟ್ಟಗಾದರೆ, ಎರಡೂ ಕೈ ಎತ್ತಿದಾಗ ಒಂದು ಇಳಿದುಬಿದ್ದರೆ, ಮಾತು ತೊದಲಿದರೆ, ದಿಢೀರನೆ ಕಣ್ಣು ಕತ್ತಲಾದರೆ ಮೊದಲು ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು. ಇಳಕಲ್ಲಿನ ಆಚೆಯ ಹಳ್ಳಿಯಿಂದ ಬಾಗಲಕೋಟೆಗೆ ಬರುವ ಹೊತ್ತೂ ಆ ಲೆಕ್ಕದೊಳಗೇ ಬರುತ್ತದೆ. ನಾಟಿ ಔಷಧಕ್ಕೆ ಅಲೆದು ಆಮೇಲೆ ಬಂದರೆ ಆ ಕಿಟಕಿ ಮುಚ್ಚಿರುತ್ತದೆ. ಲಕ್ಷಣ ಬಂದು ಹೋಗಿದ್ದರೂ ಅದೇ ದಿನ ತೋರಿಸಿ. ಕುತ್ತಿಗೆಯಲ್ಲಿ ಬ್ಲಾಕ್ ಇದ್ದು ಶಸ್ತ್ರಚಿಕಿತ್ಸೆಯೋ ಸ್ಟೆಂಟೋ ಬೇಕಾದರೆ ಸಾಮಾನ್ಯವಾಗಿ ಎರಡು ವಾರದೊಳಗೆ ಮಾಡುವುದು ಒಳ್ಳೆಯದು.

ಆಮೇಲೆ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳು:

1. ಬ್ಲಾಕ್ ಎಷ್ಟು? ಅದರಿಂದಲೇ ಲಕ್ಷಣ ಬಂದದ್ದು ಹೌದೇ?
2. ಔಷಧ ಸಾಕೇ? ಶಸ್ತ್ರಚಿಕಿತ್ಸೆ, ಸ್ಟೆಂಟ್ ಎರಡರಲ್ಲಿ ಇವರ ವಯಸ್ಸಿಗೆ ಯಾವುದು ಸರಿ?
3. ಸ್ಟೆಂಟ್ ಆದರೆ ತೊಡೆಯಿಂದಲೋ ಮಣಿಕಟ್ಟಿನಿಂದಲೋ? ಕಮಾನಿನ ಸಿಟಿ ನೋಡಿದ್ದೀರಾ?
4. ಈ ದಾರಿಯಿಂದ ಕುತ್ತಿಗೆಯ ಸ್ಟೆಂಟನ್ನು ನೀವು ಎಷ್ಟು ಮಾಡಿದ್ದೀರಿ? ಸಾಗದಿದ್ದರೆ ಮುಂದೇನು?
5. ಕೈಯ ಅಲ್ನರ್ ನಾಳ ಪರೀಕ್ಷಿಸಿದ್ದೀರಾ? ಕೆಲಸಕ್ಕೆ ಕೈ ಹಚ್ಚುವುದು ಯಾವಾಗ?
6. ಮಾತ್ರೆಗಳನ್ನು ಎಷ್ಟು ದಿನ ಬಿಡದೆ ತಗೋಬೇಕು?

ಖರ್ಚಿನ ವಿಷಯಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡ್ ಜೊತೆಗಿಟ್ಟುಕೊಂಡು, ಯೋಜನೆಯಲ್ಲಿರುವ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿ.

ನಾಲ್ಕನೇ ಪ್ರಶ್ನೆ ಕೇಳಲು ಸಂಕೋಚ ಬೇಡ. ಪಳಗಿದ ಕೈಗೆ ಆ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ. ಡಾಕ್ಟರು ‘ಇವರಿಗೆ ತೊಡೆಯೇ ಸರಿ’ ಅಂದರೆ ಹಳೇ ಪದ್ಧತಿ ಅಂತ ಮೂಗು ಮುರಿಯುವುದೂ ಬೇಡ. ಅವರ ಮುಂದಿರುವ ನಕ್ಷೆಯಲ್ಲಿ ತಿರುವು ಹಾಗಿರಬಹುದು.

ಇನ್ನು ನಮ್ಮ ಪಾಲಿನ ಕೆಲಸ. ಎರಡೂವರೆ ಮಿಲಿಮೀಟರ್ ಹೊರವ್ಯಾಸವನ್ನು ಎರಡೂಕಾಲಿಗೆ ಇಳಿಸಿ, ಒಳಗೆ ಅದೇ 2 ಮಿಲಿಮೀಟರ್ ಉಳಿಸಿ, 180 ಡಿಗ್ರಿ ಬಾಗಿದರೂ ಮುರುಟದ ಕೊಳವೆ ಮಾಡುವುದು ಹೇಗೆ? ಮೆಕ್ಯಾನಿಕಲ್, ಪಾಲಿಮರ್, ಬಯೋಮೆಡಿಕಲ್ ಓದುವವರಿಗೆ ಫೈನಲ್ ಇಯರ್ ಪ್ರಾಜೆಕ್ಟಿನ ವಿಷಯ ಹುಡುಕುವುದು ಕಷ್ಟ ಆಗಿದ್ದರೆ, ಇದೊಂದು ಇದೆ.